ಬತ್ತೆ ಅಂದವರು

ಕಿಯೋಸ್ಕ್ ಎಂಬ ಶಬ್ದಕ್ಕೆ ಕನ್ನಡದಲ್ಲಿ ಏನನ್ನಬೇಕೆಂದು ಹೀರಾ ಎರಡು ದಿನ ತಲೆ ಕೆಡಿಸಿಕೊಂಡಳು. ಪುಣೆಯ ಕಂಪನಿ ಕಳಿಸಿದ ಕಾಗದದ ತುಂಬ ಅದೇ ಶಬ್ದ. 'ಮಾಹಿತಿ ಪ್ರದರ್ಶನ ಘಟಕ' ಎಂದು ಬರೆದು ನೋಡಿದಳು. ಸರಕಾರಿ ಕಚೇರಿಯ ಗೋಡೆಗೆ ಅಂಟಿಸಿದ ಸುತ್ತೋಲೆಯ ಹಾಗೆ ಕಂಡಿತು. ಮೂರನೆಯ ದಿನ ಬೆಳಿಗ್ಗೆ ಕಾರವಾರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಎದುರಿಗೇ ಬಾಳೆಗೊನೆ ತೂಗುಹಾಕಿಕೊಂಡು ನಿಂತಿದ್ದ ತಗಡಿನ ಅಂಗಡಿ ಕಣ್ಣಿಗೆ ಬಿತ್ತು. ಗೂಡಂಗಡಿ! ಒಂಬತ್ತು ವರ್ಷದಿಂದ ದಿನಾ ಅದರ ಮುಂದೆಯೇ ಹಾದು ಹೋಗುತ್ತಿದ್ದವಳು ಎರಡು ದಿನ ನಿಘಂಟು ತಿರುವಿದ್ದಳು, ಪುಣ್ಯಾತ್ಗಿತ್ತಿ.

ಅದು ಎರಡು ಸಾವಿರದ ಎಂಟನೆಯ ಇಸವಿಯ ಮಾರ್ಚ್ ತಿಂಗಳು. ಹೀರಾಗೆ ಮೂವತ್ತೆರಡು ವರ್ಷ, ಊರು ಅಂಕೋಲೆಯ ಹತ್ತಿರದ ಬೆಳಂಬಾರ. ಕಾರವಾರದಲ್ಲಿ ಗುರುಪ್ರಸಾದ ಎಂಬವರು ನಡೆಸುತ್ತಿದ್ದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಅವಳು ಕಲಿಸುತ್ತಿದ್ದಳು. ಫೈಲ್ ತೆರೆಯುವುದು, ಫೈಲ್ ಉಳಿಸುವುದು, ಫೈಲ್ ಮುಚ್ಚುವುದು. ಒಂಬತ್ತು ವರ್ಷದಲ್ಲಿ ಅವಳ ಕೈಯಲ್ಲಿ ಎಷ್ಟು ಫೈಲು ತೆರೆದು ಮುಚ್ಚಿದವೋ ದೇವರಿಗೇ ಗೊತ್ತು, ಒಂದರೊಳಗೂ ಅವಳದು ಎನ್ನುವಂಥದ್ದು ಏನೂ ಇರಲಿಲ್ಲ.

ಹೀಗಿರುವಾಗ ಎರಡು ವರ್ಷದ ಹಿಂದೆ ಅವಳಿಗೆ ಕಂಪ್ಯೂಟರಿನೊಳಗೊಂದು ಲೋಕ ಸಿಕ್ಕಿತು. ಅಲ್ಲಿ ನೀವು ಒಂದು ಬೊಂಬೆಯಾಗಿ ಓಡಾಡಬಹುದು, ಜಾಗ ಹಿಡಿಯಬಹುದು, ಮನೆ ಕಟ್ಟಬಹುದು. ಜಗತ್ತಿನ ಇನ್ಯಾವುದೋ ಮೂಲೆಯವನು ಬಂದು ನಿಮ್ಮ ಕಟ್ಟೆಯ ಮೇಲೆ ಕೂತು ಮಾತಾಡಬಹುದು. ಮಧ್ಯಾಹ್ನ ಒಂದರಿಂದ ಮೂರರವರೆಗೆ ಕೇಂದ್ರ ಖಾಲಿ ಇರುವ ಹೊತ್ತಿನಲ್ಲಿ ಹೀರಾ ಡಬ್ಬಿಯೂಟ ಮುಗಿಸಿ ಅಲ್ಲಿಗೆ ಹೋಗುತ್ತಿದ್ದಳು. ಮೊದಲು ಒಂದು ಪೆಟ್ಟಿಗೆ ಮಾಡಲು ಕಲಿತಳು, ಆಮೇಲೆ ಬಾಗಿಲು, ಆಮೇಲೆ ಮುಟ್ಟಿದರೆ ತೆರೆಯುವ ಬಾಗಿಲು. ಆ ಬಾಗಿಲು ಮೊದಲ ಸಲ ತೆರೆದ ದಿನ ಅವಳಿಗೆ ರಾತ್ರಿಯವರೆಗೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಈಗ ಕಾಗದ ಕಳಿಸಿದ ಪುಣೆಯ ಕಂಪನಿ ಆ ಲೋಕದಲ್ಲಿ ನಮ್ಮ ಕರಾವಳಿಯದೇ ಒಂದು ನಡುಗಡ್ಡೆ ಕಟ್ಟುತ್ತಿತ್ತು. ಅದರಲ್ಲಿ ನಲವತ್ತು ಗೂಡಂಗಡಿ. ಒಂದೊಂದರಲ್ಲಿ ಇಲ್ಲಿಯ ಒಂದೊಂದು ಸಂಗತಿ, ಬಂದವರು ಕೇಳಿದ್ದಕ್ಕೆ ಅಂಗಡಿಯೇ ಉತ್ತರ ಕೊಡಬೇಕು. ಹೀರಾ ಮಾದರಿಗೆ ನಾಲ್ಕು ಮಾಡಿ ತೋರಿಸಬೇಕಿತ್ತು. ಗೆದ್ದರೆ ನಲವತ್ತೂ ಅವಳಿಗೆ, ಒಂದು ವರ್ಷದ ಕೆಲಸ. ಸೋತರೆ ಪುಣೆಯದೇ ಇನ್ನೊಂದು ತಂಡಕ್ಕೆ, ಅವಳಿಗೆ ಮತ್ತೆ ಫೈಲ್ ತೆರೆಯುವ ಫೈಲ್ ಮುಚ್ಚುವ ಪಾಠ. ಆ ಕೆಲಸ ಅವಳಿಗೆ ಬೇಕಿತ್ತು, ಯಾರಾದರೂ ಕಿತ್ತುಕೊಳ್ಳಲು ಬಂದರೆ ಜಗಳಕ್ಕೆ ನಿಲ್ಲುವಷ್ಟು ಬೇಕಿತ್ತು.

ಪರೀಕ್ಷೆಯ ಷರತ್ತು ಇಷ್ಟೇ. ಆ ಲೋಕವನ್ನು ಎಂದೂ ನೋಡದ, ಅಂಗಡಿ ಮಾಡಿದವರ ಸೀಮೆಯ ಎಂಟು ಜನ ಶನಿವಾರ ಬಂದು ನಾಲ್ಕೂ ಅಂಗಡಿ ನೋಡಬೇಕು. ಆಮೇಲೆ ಸೋಮವಾರ ಸಂಜೆ ಆರರೊಳಗೆ, ಯಾರೂ ಕರೆಯದೆ, ಎಂಟರಲ್ಲಿ ಐವರಾದರೂ ತಾವಾಗಿ ಮತ್ತೊಮ್ಮೆ ಬರಬೇಕು. ಹೀರಾ ಅವರಿಗೆ ಫೋನ್ ಮಾಡುವಂತಿಲ್ಲ, ಹೇಳಿ ಕಳಿಸುವಂತಿಲ್ಲ.

ಷರತ್ತು ಬರೆದವರಿಗೆ ಮನೆಮನೆಯಲ್ಲೂ ಕಂಪ್ಯೂಟರ್ ಇರುತ್ತದೆಂಬ ಭ್ರಮೆ. ಅಂಕೋಲೆಯ ಸೈಬರ್ ಕೆಫೆಯ ಯಂತ್ರಗಳಲ್ಲಿ ಆ ಲೋಕ ತೆರೆಯುವುದೇ ಇಲ್ಲ, ಅರ್ಧಕ್ಕೆ ಬಂದು ಪರದೆ ಕಪ್ಪಾಗುತ್ತದೆ. ಅದು ನಡೆಯುವುದು ಗುರುಪ್ರಸಾದರ ಕೇಂದ್ರದ ನಾಲ್ಕು ಹೊಸ ಯಂತ್ರಗಳಲ್ಲಿ ಮಾತ್ರ. ಅಂದರೆ ಎರಡನೆಯ ಸಲ ಬರುವವರು ಒಂದು ತಾಸು ಬಸ್ಸಿನಲ್ಲಿ ಕೂತು ಕಾರವಾರಕ್ಕೇ ಬರಬೇಕು. ಇದನ್ನು ಹೀರಾ ಕಂಪನಿಯ ನಮಿತಾಗೆ ಹೇಳಿದಳು. ನಮಿತಾ ಶಿರಸಿ ಕಡೆಯವಳು, ಪರೀಕ್ಷೆಯ ಉಸ್ತುವಾರಿ ಅವಳದೇ.

"ಗೊತ್ತು ಹೀರಾ. ನಾನೂ ಹೇಳಿ ನೋಡಿದೆ," ಅಂದಳು ನಮಿತಾ. "ಎಲ್ಲರಿಗೂ ಒಂದೇ ಷರತ್ತು ಅಂತಾರೆ. ಒಪ್ಪಿದ್ರೆ ಒಪ್ಪು, ಇಲ್ಲಾಂದ್ರೆ ಬಿಡು."

ಹೀರಾ ಒಪ್ಪಿದಳು.

ಹದಿನೈದು ದಿನದಲ್ಲಿ ನಾಲ್ಕು ಅಂಗಡಿ ಎದ್ದು ನಿಂತವು. ಒಂದು ಈಶಾಡ ಮಾವಿನದು: ಹಣ್ಣನ್ನು ಮುಟ್ಟಿದರೆ ಎರಡು ಹೋಳಾಗಿ ಬಿಚ್ಚುತ್ತದೆ. ಇನ್ನೊಂದು ಉಪ್ಪು ಬೆಳೆಯುವ ಆಗರದ್ದು, ಮತ್ತೊಂದು ತೆಂಗಿನ ಮಡಲು ಹೆಣೆಯುವುದರದ್ದು. ನಾಲ್ಕನೆಯದು ರಂಪಣಿ ಬಲೆಯದು. ಹಗ್ಗ ಮುಟ್ಟಿದರೆ ಬಲೆ ದಡಕ್ಕೆ ಬರುತ್ತದೆ, ಮೀನು ಹಾರುತ್ತವೆ. ಪ್ರತಿ ಅಂಗಡಿಯ ಮುಂದೆ ಒಂದು ಬೆಂಚು. ಬೊಂಬೆ ಬೆಂಚಿನ ಮೇಲೆ ಕೂತು ಕೀಲಿಮಣೆಯಲ್ಲಿ ಏನಾದರೂ ಬರೆದರೆ ಅಂಗಡಿ ಮಾತಾಡುತ್ತದೆ. ಒಂದು ಸಲಕ್ಕೆ ಒಬ್ಬರೇ ಗಿರಾಕಿ. ಅವರು ಹೊರಡುವ ಮಾತು ಬರೆದ ಮೇಲೆಯೇ ಬೆಂಚು ಅವರನ್ನು ಬಿಟ್ಟು ಮುಂದಿನವರಿಗೆ ಜಾಗ ಕೊಡುತ್ತದೆ.

ಅಂಗಡಿಗೆ ಮಾತು ಕಲಿಸುವ ಸ್ಕ್ರಿಪ್ಟಿನ ಮಾದರಿಯನ್ನು ಕಂಪನಿಯೇ ಇಂಗ್ಲಿಷಿನಲ್ಲಿ ಕೊಟ್ಟಿತ್ತು. ಹಲೋ ಅಂದರೆ ಸ್ವಾಗತ, ಬೈ ಅಂದರೆ ಬೀಳ್ಕೊಡುಗೆ. ನಮ್ಮವರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಒಬ್ಬೊಬ್ಬರದು ಒಂದೊಂದು ಕಾಗುಣಿತ. ಅದಕ್ಕೆ ಹೀರಾ ಒಂದು ಉಪಾಯ ಮಾಡಿದಳು. ಇಡೀ ಶಬ್ದದ ಗೊಡವೆಯೇ ಬೇಡ, ಮೊದಲ ಅಕ್ಷರ ಸಾಕು. ಬರ್ಲಾ, ಬಂದೆ, ಬಂದ್ವಿ, ಯಾವುದೇ ಇರಲಿ, 'ಬ' ಎಂದು ಶುರುವಾದರೆ ಬಂದವರು. ಹೋಗ್ತೆ, ಹೋಗ್ತೇನೆ, ಹೋಗ್ತೇವೆ, 'ಹೋ' ಎಂದು ಶುರುವಾದರೆ ಹೊರಟವರು. ಇಷ್ಟು ಸುಲಭದ ಉಪಾಯ ಪುಣೆಯ ಇಂಜಿನಿಯರುಗಳಿಗೆ ಹೊಳೆಯಲಿಲ್ಲವಲ್ಲ ಎಂದು ಒಳಗೊಳಗೇ ಬೀಗಿದಳು. ಅತಿ ಜಾಣತನ ಮಾಡಿದಾಗಲೆಲ್ಲ ಮನುಷ್ಯರು ಹೀಗೇ ಬೀಗುತ್ತಾರೆ.

ಶನಿವಾರ ಹತ್ತು ಗಂಟೆಗೆ ಎಂಟೂ ಜನ ಬಂದರು. ಗುರುಪ್ರಸಾದರು ಎಲ್ಲರ ಚಪ್ಪಲಿ ಹೊರಗೆ ಬಿಡಿಸಿ, ಮೊದಲ ನಾಲ್ವರನ್ನು ಎಸಿ ಕೋಣೆಯೊಳಗೆ ಕೂರಿಸಿ, ಉಳಿದ ನಾಲ್ವರಿಗೆ ಜಗಲಿಯ ಬೆಂಚು ತೋರಿಸಿದರು. ಮೊದಲನೆಯವರು ಶೆಟಗೇರಿಯ ದೇವಿದಾಸ ಮಾಮ, ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಎರಡನೆಯವರು ವಸುಮತಿ ಅಕ್ಕೋರು. ಅರ್ಧ ಅಂಕೋಲೆಗೆ ಅ ಆ ಇ ಈ ತಿದ್ದಿಸಿದವರು, ಹೀರಾಗೂ. ಮೂರನೆಯವನು ಬೆಳಂಬಾರದಲ್ಲಿ ಬಲೆ ಎಳೆಯುವ ಮಾಸ್ತಿ, ಏಳನೆಯ ಇಯತ್ತೆಯವರೆಗೆ ಕಲಿತವನು. ನಾಲ್ಕನೆಯವನು ಅಂಕೋಲೆಯ ಜೆರಾಕ್ಸ್ ಅಂಗಡಿಯ ದತ್ತಾ.

"ಈ ಲೋಕದಲ್ಲಿ ನಮ್ಮ ಬೊಂಬೆಗೆ ಅವತಾರ ಅಂತಾರೆ ಮಾಮಾ," ಅಂದಳು ಹೀರಾ.

"ನಂದು ಮೊದ್ಲೇ ಒಂದು ಅವತಾರ," ಅಂದರು ದೇವಿದಾಸ ಮಾಮ. "ಅಲ್ಲೂ ಮೀಸೆ ಇರ್ಲಿ."

ಮೀಸೆಯ ಬೊಂಬೆ ಈಶಾಡಿನ ಅಂಗಡಿಯ ಬೆಂಚಿಗೆ ಹೋಗಿ ಕೂತಿತು. ಮಾಮ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ 'ಬರ್ಲಾ' ಎಂದು ಒತ್ತಿದರು. ಕೂಡಲೇ ಅಂಗಡಿ ಅಂದಿತು: ಬನ್ನಿ ಬನ್ನಿ. ಕೂತ್ಕೊಳ್ಳಿ. ಆಸರಿಗೆ ಬೆಲ್ಲ-ನೀರು ಕೊಡ್ಲಾ?

ಮಾಮ ಹಿಂದೆ ತಿರುಗಿ ಹೀರಾಳ ಮುಖ ನೋಡಿದರು. ಎಪ್ಪತ್ತರ ಹತ್ತಿರದ ಆ ಮುಖ ಅಷ್ಟು ಅರಳಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಅವರು ಕರಿ ಈಶಾಡಿಗೂ ಬಿಳಿ ಈಶಾಡಿಗೂ ಏನು ವ್ಯತ್ಯಾಸ ಎಂದು ಕೇಳಿದರು, ಅಂಗಡಿ ಹೇಳಿತು. ಹಣ್ಣು ಮುಟ್ಟಿ ಹೋಳು ಮಾಡಿ ನೋಡಿದರು. ಪಕ್ಕದ ಯಂತ್ರದಲ್ಲಿ ಮಾಸ್ತಿಯ ಬಲೆ ದಡಕ್ಕೆ ಬಂತು, ಮೀನು ಹಾರಿದವು, ಮಾಸ್ತಿ ಕುರ್ಚಿಯಿಂದ ಅರ್ಧ ಎದ್ದ. ಗೆದ್ದೆ ಅಂದುಕೊಂಡಳು ಹೀರಾ.

ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು, ಅರ್ಧ ತಾಸಾಯಿತು. ನಾಲ್ವರೂ ಮೊದಲು ಕೂತ ಅಂಗಡಿಯಲ್ಲೇ ಇದ್ದರು. ಹೀರಾ ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನಿನಲ್ಲಿ ನಮಿತಾಳ ಧ್ವನಿ ಬಂತು. ಪುಣೆಯಲ್ಲಿ ಕೂತು ನೋಡುತ್ತಿದ್ದ ಅವಳ ಬೊಂಬೆ, ನೀಲಿ ಸೀರೆ ಉಟ್ಟು ತೆಂಗಿನ ಮರದ ಬುಡದಲ್ಲಿ ನಿಂತಿತ್ತು.

"ಎಂತಾ ಆಯ್ತು ಹೀರಾ? ಒಬ್ರೂ ಎರಡನೇ ಅಂಗಡಿಗೆ ಹೋಗ್ಲಿಲ್ಲ. ಕೆಟ್ಟು ನಿಂತಿದ್ಯಾ?"

ಹೀರಾ ದೇವಿದಾಸ ಮಾಮನ ಬೆನ್ನ ಹಿಂದೆ ಹೋಗಿ ನಿಂತು ಪರದೆ ನೋಡಿದಳು. ಮಾಮ ನಿಧಾನವಾಗಿ 'ಬತ್ತೆ' ಎಂದು ಒತ್ತಿದರು. ಅಂಗಡಿ ಅಂದಿತು: ಬನ್ನಿ ಬನ್ನಿ. ಕೂತ್ಕೊಳ್ಳಿ. ಆಸರಿಗೆ ಬೆಲ್ಲ-ನೀರು ಕೊಡ್ಲಾ? ಮಾಮ ಸಾಕು ಎಂದು ಬರೆದರು. ಅಂಗಡಿ ಈಶಾಡಿನ ಕತೆ ಮೊದಲಿನಿಂದ ಶುರು ಮಾಡಿತು. ಮಾಮ ಅದನ್ನು ಪೂರ್ತಿ ಕೇಳಿ, ಮರ್ಯಾದೆಯಿಂದ ಮತ್ತೆ 'ಬತ್ತೆ' ಅಂದರು. ಬನ್ನಿ ಬನ್ನಿ. ಕೂತ್ಕೊಳ್ಳಿ.

"ಹೀರೂ, ನಿನ್ನ ಅಂಗಡಿಗೆ ಸಂಸ್ಕಾರ ಅದೆ," ಅಂದರು ಮಾಮ. "ಆರು ಸಲ ಆಯ್ತು, ಏಳೂಕೇ ಬಿಡೂದಿಲ್ಲ."

ಆ ಕಡೆ ಅಕ್ಕೋರು 'ಬರುತ್ತೇನೆ' ಎಂದು ತಪ್ಪಿಲ್ಲದ ಕಾಗುಣಿತದಲ್ಲಿ ಬರೆದು ನಾಲ್ಕನೆಯ ಸಲ ಉಪ್ಪಿನ ಪಾಠ ಕೇಳುತ್ತಿದ್ದರು. ಮಾಸ್ತಿಯ ಬಲೆ ಇಷ್ಟರೊಳಗೆ ಐದು ಸಲ ದಡಕ್ಕೆ ಬಂದಿತ್ತು. ದತ್ತಾ ಬೆವರೊರೆಸಿಕೊಳ್ಳುತ್ತಿದ್ದ, ಎಸಿ ಕೋಣೆಯಲ್ಲಿ.

ಹೀರಾಗೆ ಎಲ್ಲ ಗೊತ್ತಾಯಿತು, ಆದರೆ ತಲೆ ಓಡಲಿಲ್ಲ. ತಪ್ಪು ಮಾಡಿದವರು ಮೊದಲು ಸುಲಭದ ದಾರಿಯನ್ನೇ ಹಿಡಿಯುತ್ತಾರೆ.

"ಮಾಮಾ, 'ಹೋಗ್ತೆ' ಅಂತ ಒತ್ತಿ. ಬಿಡ್ತದೆ," ಅಂದಳು.

ದೇವಿದಾಸ ಮಾಮ ಕೀಲಿಮಣೆಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಹೋಗ್ತೆ ಅಂತ್ಯಾ? ಸಾಯೂಕೆ ಹೊಂಟವ ಹೇಳೂ ಮಾತು ಅದು. ಶನಿವಾರ ಬೆಳಿಗ್ಗೆ, ಉಪಚಾರ ಮಾಡಿದವ್ರ ಬಾಗ್ಲಲ್ಲಿ ಕೂತು ಹೋಗ್ತೆ ಅನ್ನೂದ? ನಾ ಅನ್ನೂದಿಲ್ಲ. ಬೇಕಾರೆ ಸಂಜೆವರೆಗೆ ಇಲ್ಲೇ ಕೂತಿರ್ತೆ."

"ತಂಗೀ," ಅಂದರು ಅಕ್ಕೋರು, ಕನ್ನಡಕ ಮೂಗಿಗೆ ಇಳಿಸಿ. "ನಿನ್ನ ಮನೆಯಲ್ಲಿ ಹೋಗ್ತೆ ಅಂತ ಯಾರು ಹೇಳ್ತಾರೆ? ನೀನು ಹೇಳ್ತೀಯಾ?"

ಹೇಳುವುದಿಲ್ಲ. ಈ ಬೆಳಿಗ್ಗೆಯೂ ಹೊಸ್ತಿಲು ದಾಟುವಾಗ 'ಆಯೀ, ಬತ್ತೆ' ಎಂದೇ ಬಂದಿದ್ದಳು. ಮೂವತ್ತೆರಡು ವರ್ಷ ಹಾಗೇ ಅಂದವಳು, ಇಂಗ್ಲಿಷಿನ ಬೈ ಎದುರಿಗಿಟ್ಟುಕೊಂಡು ಕೂತ ಕೂಡಲೇ ತನ್ನ ಮನೆಯ ಬಾಗಿಲನ್ನೇ ಮರೆತಿದ್ದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾದವು.

ನಮಿತಾ ಎಲ್ಲ ಕೇಳಿಸಿಕೊಂಡಿದ್ದಳು. "ನಾನು ಇಲ್ಲಿಂದ್ಲೇ ನಾಲ್ವರನ್ನೂ ಬೆಂಚಿಂದ ಎಬ್ಬಿಸ್ತೇನೆ ಹೀರಾ, ಒಂದು ಗುಂಡಿ ಒತ್ತಿದ್ರೆ ಆಯ್ತು. ಪ್ರತಿ ಸಲ ಹಾಗೇ ಎಬ್ಬಿಸ್ತಾ ಹೋದ್ರೆ ಒಂದೂವರೆ ತಾಸಲ್ಲಿ ಮುಗೀತದೆ. ನೀನು ತಿದ್ದೋಕೆ ಕೂತ್ರೆ ಇವ್ರೆಲ್ಲ ಕಾಯ್ಬೇಕು. ಕಾದು ಬೇಸತ್ತವ್ರು ಸೋಮವಾರ ಬಸ್ ಹತ್ತಿ ಬರ್ತಾರಾ? ಯೋಚ್ನೆ ಮಾಡು."

ಸರಿಯಾದ ಮಾತೇ. ಹೀರಾ ಮಾಮನನ್ನು ನೋಡಿದಳು, ಪರದೆಯ ಮೇಲೆ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದ ಮೀಸೆಯ ಬೊಂಬೆಯನ್ನು ನೋಡಿದಳು.

"ಕೂತವ್ರನ್ನ ಎಬ್ಬಿಸೂದು ಬ್ಯಾಡ," ಅಂದಳು. "ನಾ ತಿದ್ತೆ. ಅರ್ಧ ತಾಸು ಕೊಡಿ."

ಕೂತವಳ ಬೆರಳು ಹೇಗೆ ಓಡಿತು ಅಂದರೆ ಗುರುಪ್ರಸಾದರು ಚಹಾ ತಂದಿಟ್ಟದ್ದೂ ಅವಳಿಗೆ ಗೊತ್ತಾಗಲಿಲ್ಲ. ಬೆಂಚಿಗೆ ಬಂದು ಕೂತವರು ಮೊದಲ ಸಲ 'ಬ' ಅಂದರೆ ಬಂದವರು. ಅವರೇ ಮತ್ತೆ 'ಬ' ಅಂದರೆ ಹೊರಟವರು. ಅಷ್ಟೇ ಸಾಕಿತ್ತು. ಆದರೆ ಬರೆಯುತ್ತ ಬರೆಯುತ್ತ ಅವಳಿಗೆ ತಮ್ಮ ಮನೆಯ ಜಗಲಿ ಕಣ್ಣಿಗೆ ಕಟ್ಟಿತು. ನಮ್ಮಲ್ಲಿ ಯಾವ ನೆಂಟ ಒಂದೇ ಸಲ ಬತ್ತೆ ಎಂದು ಎದ್ದು ನಡೆದಿದ್ದಾನೆ? ಮೊದಲನೆಯ ಬತ್ತೆಗೆ ಮನೆಯವರು ಇಷ್ಟು ಬೇಗ ಎಂತ ಅವಸರ ಅನ್ನಬೇಕು. ಎರಡನೆಯದಕ್ಕೆ ಒಳಗಿನಿಂದ ಒಂದು ಪೊಟ್ಟಣ ಬರಬೇಕು. ಮೂರನೆಯದು ಅಂಗಳ ಇಳಿದು ಬೇಲಿಯ ದಣಪೆಯ ಹತ್ತಿರ ನಿಂತು ಹೇಳುವುದು, ಅದು ನಿಜವಾದದ್ದು. ಹೀರಾ ಅದನ್ನೂ ಬರೆದಳು. ಮೊದಲ ಬತ್ತೆಗೆ 'ಎಂತ ಅವಸರ, ಕೂತ್ಕೊಳ್ಳಿ.' ಎರಡನೆಯದಕ್ಕೆ ಒಂದು ಚಿತ್ರದ ಕಾರ್ಡು, 'ಮನೇಲಿ ಮಕ್ಕಳಿಗೆ ತೋರ್ಸಿ.' ಮೂರನೆಯದಕ್ಕೆ 'ಹೂಂ, ಹಂಗಾರೆ ಬನ್ನಿ.' ಅಂಗಡಿ ಮತ್ತೆ ಕತೆ ಕೊರೆಯದೆ ಬೆಂಚು ಬಿಟ್ಟುಕೊಡುತ್ತದೆ. ನಡುವೆ ಒಂದು ಕಂಸ ಮುಚ್ಚಲು ಮರೆತು ಹತ್ತು ನಿಮಿಷ ಹಾಳಾಯಿತು. ಆದರೂ ಅವಳಿಗೆ ಹೆದರಿಕೆ ಇರಲಿಲ್ಲ. ಅಷ್ಟು ಖುಷಿಯಲ್ಲಿ ಅವಳು ಹಿಂದೆಂದೂ ಕೆಲಸ ಮಾಡಿರಲಿಲ್ಲ.

ಅರ್ಧ ತಾಸು ಅಂದದ್ದು ಮುಕ್ಕಾಲು ತಾಸಾಯಿತು. ದೇವಿದಾಸ ಮಾಮ ಮೂರು ಸಲ ಬತ್ತೆ ಅಂದರು, ಮೂರನೆಯದಕ್ಕೆ ಮೀಸೆಯ ಬೊಂಬೆ ಬೆಂಚಿನಿಂದ ಎದ್ದು ನಿಂತಿತು. ಎಂಟೂ ಜನ ನಾಲ್ಕೂ ಅಂಗಡಿ ಮುಗಿಸುವಷ್ಟರಲ್ಲಿ ಎರಡೂವರೆ ಗಂಟೆ. ಊಟದ ಹೊತ್ತು ಮೀರಿ, ಜಗಲಿಯ ಸೆಕೆಯಲ್ಲಿ ಬೆಂದವರೆಲ್ಲ ಚಪ್ಪಲಿ ಹುಡುಕಿಕೊಂಡು ಬಸ್ಸಿಗೆ ಓಡಿದರು. ಸರಿಯಾಗಿ ಮುಖ ನೋಡಿ ಮಾತಾಡಲೂ ಯಾರಿಗೂ ಪುರುಸೊತ್ತಿರಲಿಲ್ಲ.

"ಅಂಗಡಿ ಚಂದ ಆಗಿದೆ," ಅಂದಳು ನಮಿತಾ. "ಆದ್ರೆ ಐದು ಜನ ಅಂದ್ರೆ ಐದು ಜನ. ನನ್ನ ಕೈಯಲ್ಲಿ ಎಂತಾ ಇಲ್ಲ."

ಭಾನುವಾರ ಹೀರಾಗೋಸ್ಕರ ಗುರುಪ್ರಸಾದರು ಕೇಂದ್ರ ತೆರೆದಿಟ್ಟರು. ಒಂದು ಆಟೋ ನಿಂತರೂ ಅವಳು ಎದ್ದು ಕಿಟಕಿಗೆ ಹೋಗುತ್ತಿದ್ದಳು. ಸಂಜೆಯವರೆಗೂ ಒಬ್ಬರೂ ಬರಲಿಲ್ಲ.

"ಫೋನ್ ಮಾಡ್ಬಾರ್ದು ಅಂದದ್ದು ನಿಂಗೆ," ಅಂದರು ಗುರುಪ್ರಸಾದರು. "ನಂಗೆ ಯಾರೂ ಹೇಳ್ಲಿಲ್ಲ. ಒಂದು ಮಾತು ಹೇಳ್ಲಾ ದೇವಿದಾಸನಿಗೆ?"

ಹೂಂ ಎಂಬ ಮಾತು ಹೀರಾಳ ಗಂಟಲವರೆಗೆ ಬಂದಿತ್ತು. "ಬ್ಯಾಡ ಸರ್," ಅಂದಳು. "ಕರ್ದು ಬಂದ್ರೆ ಅದು ಬಂದಂಗೆ ಅಲ್ಲ."

ಹೇಳಿದ ಮೇಲೆ ಬಸ್ಸಿನಲ್ಲಿ ಊರಿಗೆ ಹೋಗುವಾಗ ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು. ಇಲ್ಲದ ಮಾವಿನ ಹಣ್ಣು ನೋಡಲು ಯಾವ ಮಂಗನೂ ಬಸ್ ಹತ್ತುವುದಿಲ್ಲ, ಮುಕ್ಕಾಲು ತಾಸು ಉಳಿಸುವ ಬದಲು ಎಲ್ಲ ಕಳೆದುಕೊಂಡೆ ಎಂದುಕೊಂಡಳು.

ಸೋಮವಾರ ಮಧ್ಯಾಹ್ನ ಮೂರರವರೆಗೂ ಯಾರೂ ಇಲ್ಲ. ಹೀರಾ ಹೊಸ ಬ್ಯಾಚಿಗೆ ಫೈಲ್ ತೆರೆಯುವುದು ಹೇಗೆ ಎಂದು ಹೇಳಲು ಶುರು ಮಾಡಿದ್ದಳು. ಬಾಗಿಲಲ್ಲಿ ಕೆಮ್ಮಿದ ಸದ್ದು ಕೇಳಿತು. ದೇವಿದಾಸ ಮಾಮ, ಕೈಯಲ್ಲಿ ಒಂದು ಬಟ್ಟೆ ಚೀಲ.

"ನಿನ್ನೆ ಬತ್ತಿದ್ದೆ," ಅಂದರು. "ಭಾನುವಾರ ಕಾರವಾರಕ್ಕೆ ಯಾರು ಬತ್ರು, ಎಲ್ಲಾ ಆಫೀಸು ಬಂದ್. ಇವತ್ತು ಪಿಂಚಣಿ ಕಾಗದದ್ದೂ ಕೆಲಸ ಇತ್ತು." ಚೀಲ ಮೇಜಿನ ಮೇಲಿಟ್ಟರು. ತೊಟ್ಟಿನ ಸಮೇತ ಮಾವಿನ ಮಿಡಿ. "ಎರಡನೇ ಸಲ ಬರಿಗೈಲಿ ಬರೂದು ಹೆಂಗೆ? ಅಂಗಡಿಗೆ ಕೊಡೂಕಾಗೂದಿಲ್ಲ, ನೀನೇ ತಕೋ."

ಅವರು ಕೂರುವಷ್ಟರಲ್ಲಿ ಅಕ್ಕೋರು ಹಲಸಿನ ಹಪ್ಪಳದ ಕಟ್ಟು ಹಿಡಿದು ಮೆಟ್ಟಿಲು ಹತ್ತಿದರು. ಅವರ ಹಿಂದೆ ಮಾಸ್ತಿ, ಪೇಪರಿನಲ್ಲಿ ಸುತ್ತಿದ ಒಣ ಬಂಗಡೆಯೊಂದಿಗೆ. ಗುರುಪ್ರಸಾದರು ಎಸಿ ಕೋಣೆಯ ಬಾಗಿಲಲ್ಲಿ ಕೈ ಅಡ್ಡ ಹಿಡಿದು, ಆಮೇಲೆ ಅವರೇ ಪೊಟ್ಟಣ ಇಸಿದುಕೊಂಡು ಹೊರಗಿನ ಕಪಾಟಿನಲ್ಲಿಟ್ಟರು. ಆಮೇಲೆ ಶನಿವಾರ ಜಗಲಿಯಲ್ಲಿ ಕಾದಿದ್ದವರಲ್ಲಿ ಇಬ್ಬರು. ಹೀರಾ ಬೆರಳು ಮಡಚುತ್ತಿದ್ದಳು. ಐದು. ಮತ್ತೂ ಇಬ್ಬರು ಬಂದರು.

ದತ್ತಾ ಮಾತ್ರ ಬರಲಿಲ್ಲ. "ಜ್ವರ ಬಂದು ಮಲಗಿದಾ," ಅಂದ ಮಾಸ್ತಿ. "ಬೇಜಾರ ಮಾಡ್ಕಣೂದು ಬ್ಯಾಡಾ, ನಾಳೆ ಬತ್ತೆ ಅಂತ ಅಂಗಡಿಗೆ ಹೇಳೂಕೆ ಹೇಳಿದಾ."

ಹೀರಾ ಹೆಡ್‌ಫೋನ್ ಕಿವಿಗೇರಿಸಿದಳು. ಪುಣೆಯಿಂದ ನೋಡುತ್ತಿದ್ದ ನಮಿತಾ ಹೇಳಿದಳು, "ಇಲ್ಲಿಯ ತಂಡದ್ದು ಹೋದ ವಾರ ಆಯ್ತು ಹೀರಾ. ಎಲ್ಲರ ಮನೇಲೂ ಕಂಪ್ಯೂಟರ್ ಇತ್ತು. ಎಂಟರಲ್ಲಿ ಇಬ್ರು ಬಂದ್ರು." ಅವಳ ಧ್ವನಿ ಏರಿತು. "ನಲವತ್ತೂ ನಿಂದೇ. ಕಾಗದ ಇವತ್ತೇ ಕಳಿಸ್ತೇನೆ."

ಹೀರಾ ಹೆಡ್‌ಫೋನ್ ತೆಗೆದಿಟ್ಟಳು. ನಗುತ್ತಿದ್ದಳು, ಅಳುತ್ತಲೂ ಇದ್ದಳು, ಹೊಸ ಬ್ಯಾಚಿನವರು ಫೈಲ್ ಬಿಟ್ಟು ಅವಳನ್ನೇ ನೋಡುತ್ತಿದ್ದರು. ಅವಳಿಗೆ ಅದರ ಪರಿವೆ ಇರಲಿಲ್ಲ. ದೇವಿದಾಸ ಮಾಮನ ಕುರ್ಚಿಯ ಹತ್ತಿರ ಹೋದಳು.

"ಮಾಮಾ, ಶನಿವಾರ ನಿಮ್ಮನ್ನೆಲ್ಲ ಅಷ್ಟು ಗೋಳು ಹುಯ್ಕೊಂಡೆ. ಆದ್ರೂ ಬಂದ್ರಲ್ಲ. ಅಷ್ಟು ಇಷ್ಟ ಆಯ್ತಾ ಅಂಗಡಿ?"

ಮಾಮ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇಷ್ಟದ ಮಾತು ಆಮೇಲೆ. ಮೊದ್ಲೇ ಆರು ಸಲ ಅಂದಿದ್ದೆ, ನೀ ತಿದ್ದಿದ ಮೇಲೆ ಒಂದೊಂದು ಅಂಗಡಿ ಮೂರ್ಮೂರು ಸಲ ಹೇಳ್ಸಿತು. ಅಷ್ಟು ಸಲ ಬತ್ತೆ ಅಂದು ಬರದೇ ಇದ್ರೆ ನಂಗೆ ಮನುಷ್ಯ ಅಂತಾರನಾ?"

ಮೀಸೆಯ ಬೊಂಬೆ ಈಶಾಡಿನ ಅಂಗಡಿಯ ಬೆಂಚಿನ ಮೇಲೆ ಬಂದು ಕೂತಿತ್ತು. ಮಾಮ ಬೆರಳು ಚಾಚಿ ಅಕ್ಷರ ಹುಡುಕಿದರು, 'ಬಂದೆ' ಎಂದು ಒತ್ತಿದರು.